ಹಳೆಯ ಕಂಪ್ಯೂಟರೂ ಕಾಣದ ವೈಫೈಯೂ

ಕಪಾಟಿನ ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದು ಧೂಳು ಹಿಡಿದು ಕುಳಿತಿರುವುದು ಈಗ ಅನೇಕ ಗೃಹಸ್ಥರ ಮನೆಯ ಸಂಗತಿಯಷ್ಟೆ. ೨೦೨೫ನೆಯ ಇಸವಿ ಅಕ್ಟೋಬರ್ ೧೪ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯವರು ವಿಂಡೋಸ್ ೧೦ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದುದರಿಂದ, ಹೊಸ ಯಂತ್ರವನ್ನು ಕೊಳ್ಳಲಾರದವರು ಲಿನಕ್ಸಿನ ಕಡೆಗೆ ತಿರುಗುತ್ತಿರುವರು. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸರು ೧೯೯೧ರಲ್ಲಿ ಆರಂಭಿಸಿದ ಈ ವ್ಯವಸ್ಥೆಯನ್ನು ಬೆಲೆಯಿಲ್ಲದೆ ಪಡೆಯಬಹುದು. ಆದರೆ ಅದನ್ನು ಹಾಕಿದ ದಿನವೇ ಅಂತರಜಾಲವು ಕೈಕೊಟ್ಟರೆ ಉತ್ಸಾಹವೆಲ್ಲ ಇಳಿದುಹೋಗುವುದು.

ಬಳ್ಳಾರಿಗೆ ಸಮೀಪದ ಹಲಕುಂದಿಯಲ್ಲಿ ನಮ್ಮ ಮನೆಯಲ್ಲಿಯೇ ಹೀಗಾಯಿತು. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಮೂರೇ ದಿನ ಉಳಿದಿದ್ದುವು. ಡೆಬಿಯನ್ ಎಂಬ ಲಿನಕ್ಸನ್ನು ಹಾಕಿದೆವು. ಪರದೆ ಬೆಳಗಿತು, ಕೀಲಿಮಣೆ ನಡೆಯಿತು, ವೈಫೈ ಮಾತ್ರ ಕಾಣಲಿಲ್ಲ. ಪೇಟೆಯ ರಿಪೇರಿಯವರೊಬ್ಬರು ನೋಡಿ, ಕಾರ್ಡು ಸುಟ್ಟಿದೆ, ಬೇರೆ ಯಂತ್ರವನ್ನೇ ಕೊಳ್ಳುವುದು ಲೇಸೆಂದರು. ಕಾರ್ಡು ಸುಟ್ಟಿರಲಿಲ್ಲ.

ಲಿನಕ್ಸಿನಲ್ಲಿ ಡ್ರೈವರುಗಳು, ಎಂದರೆ ಯಂತ್ರದ ಒಂದೊಂದು ಭಾಗವನ್ನು ನಡೆಸತಕ್ಕ ತಂತ್ರಾಂಶಗಳು, ಬಹುಮಟ್ಟಿಗೆ ಕರ್ನೆಲ್ ಎಂಬ ತಿರುಳಿನೊಡನೆಯೇ ಬರುತ್ತವೆ. ಕೆಲವು ಕಾರ್ಡುಗಳಿಗೆ ಅಷ್ಟೇ ಸಾಲದು. ಯಂತ್ರವನ್ನು ಹಚ್ಚಿದಾಗಲೆಲ್ಲ ಕಾರ್ಡಿನೊಳಕ್ಕೆ ತುಂಬತಕ್ಕ ಫರ್ಮ್‌ವೇರೂ ಬೇಕು. ಬ್ರಾಡ್‌ಕಾಮ್ ಕಂಪೆನಿಯ ಹಳೆಯ ಕಾರ್ಡುಗಳಿಗೆ ಬಿ೪೩ ಎಂಬ ಡ್ರೈವರು ೨೦೦೮ರಿಂದಲೂ ಕರ್ನೆಲಿನಲ್ಲಿದೆ. ಆದರೆ ಅದರ ಫರ್ಮ್‌ವೇರನ್ನು ಇತರರು ಹಂಚುವಂತಿಲ್ಲ. ೨೦೨೩ರ ಡೆಬಿಯನ್ ೧೨ರಿಂದೀಚೆಗೆ ಅನೇಕ ಫರ್ಮ್‌ವೇರುಗಳು ಜೊತೆಯಲ್ಲಿಯೇ ಬರುತ್ತಿದ್ದರೂ ಇದು ಬರದಿರುವುದಕ್ಕೆ ಇದೇ ಕಾರಣ. ಗಾಡಿಯವನು ಬಂದನು, ಎತ್ತು ಬರಲಿಲ್ಲ!

ಆದಕಾರಣ ಹಣ ತೆರುವ ಮೊದಲು ನೋಡತಕ್ಕದ್ದು ಇಷ್ಟು. ಕೆಲವು ಯಂತ್ರಗಳ ಅಂಚಿನಲ್ಲಿ ವೈಫೈಯ ಸಣ್ಣ ಗುಂಡಿ ಇರುತ್ತದೆ. ಅದು ಸರಿದಿದ್ದರೆ ಯಾವ ಡ್ರೈವರೂ ಏನೂ ಮಾಡಲಾರದು. ಬಳಿಕ ಟರ್ಮಿನಲ್ ತೆರೆದು 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಎಂಬ ಆಜ್ಞೆಯನ್ನು ಕೊಡಬೇಕು. ಒಳಗಿನ ಕಾರ್ಡಿನ ಹೆಸರು ಪಟ್ಟಿಯಲ್ಲಿಯೇ ಇಲ್ಲದಿದ್ದರೆ ಕಾರ್ಡನ್ನೋ ಅದು ಕುಳಿತಿರುವ ಗೂಡನ್ನೋ ಶಂಕಿಸಬಹುದು. ನಮ್ಮದು ೧೪ಇ೪:೪೩೧೫ ಎಂಬ ಗುರುತಿನೊಡನೆ ಕಂಡಿತು. ಸತ್ತ ಕಾರ್ಡು ಹೀಗೆ ತನ್ನ ಹೆಸರನ್ನು ಹೇಳುವುದುಂಟೆ? ಕರ್ನೆಲಿನ ದಿನಚರಿಯನ್ನು ತೋರುವ 'ಡಿಎಂಇಎಸ್‌ಜಿ' ಆಜ್ಞೆಯನ್ನು ಸೂಡೋ ಸೇರಿಸಿ ಕೊಟ್ಟೆವು. ಬಿ೪೩ರ ಫರ್ಮ್‌ವೇರ್ ಸಿಕ್ಕಲಿಲ್ಲವೆಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಫರ್ಮ್‌ವೇರನ್ನು ತರಲು ಜಾಲ ಬೇಕು, ಜಾಲಕ್ಕೆ ಫರ್ಮ್‌ವೇರ್ ಬೇಕು. ಈ ತೊಡಕನ್ನು ಮನೆಯವರ ಮೊಬೈಲು ಬಿಡಿಸಿತು. ಯುಎಸ್‌ಬಿ ತಂತಿಯಿಂದ ಅದನ್ನು ಜೋಡಿಸಿ, ಮೊಬೈಲಿನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಹಾಕಿದರೆ, ಲಿನಕ್ಸು ಅದನ್ನು ತಂತಿಯ ಜಾಲವೆಂದೇ ಭಾವಿಸುವುದು. ಡೆಬಿಯನ್ನಿನ ಕಾಂಟ್ರಿಬ್ ಭಂಡಾರವನ್ನು ಸೇರಿಸಿ, 'ಫರ್ಮ್‌ವೇರ್-ಬಿ೪೩-ಎಲ್‌ಪಿಫೈ-ಇನ್‌ಸ್ಟಾಲರ್' ಎಂಬ ಪ್ಯಾಕೇಜನ್ನು ಇಳಿಸಿಕೊಂಡೆವು. ನಾಲ್ವರ ಸಲಹೆ ಕೇಳಿ 'ಬ್ರಾಡ್‌ಕಾಮ್-ಎಸ್‌ಟಿಎ' ಎಂಬುದನ್ನೂ ಜೊತೆಗೆ ಹಾಕಬಾರದು. ಅದು ಬಿ೪೩ನ್ನು ಏಳದಂತೆ ತಡೆಯುತ್ತದೆ. ನಾವೂ ಒಮ್ಮೆ ಹಾಕಿ, ಅರ್ಧ ದಿನ ಕಳೆದು, ಕಡೆಗೆ ತೆಗೆದುಹಾಕಿದೆವು.

ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗ ನೆರೆಮನೆಗಳ ವೈಫೈ ಹೆಸರುಗಳೆಲ್ಲ ಸಾಲಾಗಿ ನಿಂತವು; ನಮ್ಮದು ಮಾತ್ರ ಇರಲಿಲ್ಲ! ಈ ಕಾರ್ಡಿಗೆ ೨.೪ ಗಿಗಾಹರ್ಟ್ಸಿನ ಅಲೆಗಳಷ್ಟೇ ತಿಳಿಯುವುವು. ನಮ್ಮ ರೂಟರನ್ನು ೫ಕ್ಕೆ ಮಾತ್ರ ಇಟ್ಟಿದ್ದೆವು. ಅದನ್ನು ತಿದ್ದಿದೆವು. ಅರ್ಜಿಯು ಎರಡನೆಯ ದಿನದ ಸಂಜೆ ಹೋಯಿತು.