ಸಂಸ್ಕರಿಸಿದ ಆಹಾರ, ಸೇರ್ಪಡೆ ಪದಾರ್ಥಗಳು ಮತ್ತು ಪಥ್ಯದ ಸಲಹೆಗಳು: ಸಾರ್ವಜನಿಕರ ಮಾಹಿತಿಗಾಗಿ

ಅಂಗಡಿಯಿಂದ ತಂದ ಬಿಸ್ಕತ್ತು, ಸಾಸ್ ಅಥವಾ ಉಪ್ಪಿನಕಾಯಿಯ ಪೊಟ್ಟಣದ ಹಿಂಬದಿಯಲ್ಲಿ 330, 322, 211 ಎಂಬಂತಹ ಸಂಖ್ಯೆಗಳನ್ನು ಕಂಡು, ಇವು ವಿಷವೇ ಎಂದು ವಿಚಾರಿಸುವ ಸಾರ್ವಜನಿಕರು ಅನೇಕರಿದ್ದಾರೆ. ಇಂತಹ ಸಂಖ್ಯೆಯುಳ್ಳ ಯಾವುದನ್ನೂ ಮುಟ್ಟಬಾರದು, ಅನ್ನ ಬಿಡಬೇಕು, ಹಾಲು ಬಿಡಬೇಕು, ಅಯೋಡಿನ್ ಉಪ್ಪು ಬಿಡಬೇಕು ಎಂಬ ಸಂದೇಶಗಳು ಮೊಬೈಲ್ ಫೋನುಗಳಲ್ಲಿ ಹರಿದಾಡುತ್ತಿವೆ. ಕಾನೂನು ಯಾವುದನ್ನು ನಿಷೇಧಿಸಿದೆ, ಯಾವುದಕ್ಕೆ ಮಿತಿ ವಿಧಿಸಿದೆ, ಯಾವ ಭಯಕ್ಕೆ ಆಧಾರವಿದೆ ಮತ್ತು ಯಾವ ಸಲಹೆಯಿಂದಲೇ ಹಾನಿಯಾಗುತ್ತದೆ ಎಂಬುದನ್ನು ನಾಗರಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ. ದೂರು ಸಲ್ಲಿಸುವ ಕ್ರಮವನ್ನು ಕೊನೆಯಲ್ಲಿ ನೀಡಲಾಗಿದೆ.

ಪೊಟ್ಟಣದ ಮೇಲಿನ ಸಂಖ್ಯೆಗಳು

ಸದರಿ ಸಂಖ್ಯೆಗಳು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಆಯೋಗವು ಪ್ರತಿಯೊಂದು ಸೇರ್ಪಡೆ ಪದಾರ್ಥಕ್ಕೆ ನೀಡಿರುವ ಗುರುತಿನ ಅಂಕೆಗಳು. ಹೆಸರು ದೇಶದಿಂದ ದೇಶಕ್ಕೆ ಬದಲಾದರೂ ಅಂಕೆ ಬದಲಾಗುವುದಿಲ್ಲ. 330 ಎಂದರೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆಹಣ್ಣಿನಲ್ಲಿರುವ ಹುಳಿ. 300 ಎಂದರೆ ವಿಟಮಿನ್ ಸಿ. 500 ಎಂಬುದರ ಅಡಿಯಲ್ಲಿ ಬರುವುದು ಬೋಂಡಾ, ಬಜ್ಜಿಯ ಹಿಟ್ಟಿಗೆ ಹಾಕುವ ಅಡುಗೆ ಸೋಡಾ. 100 ಎಂಬ ಅಂಕೆ ಅರಿಶಿನದ ಹಳದಿಗೆ ಸೇರಿದ್ದು. ಸಂಖ್ಯೆ ಇದೆ ಎಂಬ ಒಂದೇ ಕಾರಣಕ್ಕೆ ಆಹಾರವನ್ನು ತ್ಯಜಿಸುವವರು ಸಾರಿಗೆ ಹಾಕುವ ಅರಿಶಿನವನ್ನೂ ತ್ಯಜಿಸಬೇಕಾಗುತ್ತದೆ.

ಹಾಗೆಂದು ಎಲ್ಲ ಅಂಕೆಗಳೂ ಅಡುಗೆಮನೆಯ ಪದಾರ್ಥಗಳಲ್ಲ. 102 ಟಾರ್ಟ್ರಜೀನ್, 110 ಸನ್‌ಸೆಟ್ ಯೆಲ್ಲೋ, 122 ಕಾರ್ಮೋಸಿನ್ ಇವು ಕೃತಕ ಬಣ್ಣಗಳು. 211 ಸೋಡಿಯಂ ಬೆಂಜೋಯೇಟ್ ಎಂಬ ಸಂರಕ್ಷಕ. ಇಂತಹವುಗಳಿಗೆ ಅನುಮತಿ ನೀಡುವ ಮುನ್ನ, ಒಬ್ಬ ವ್ಯಕ್ತಿ ಜೀವನಪರ್ಯಂತ ಪ್ರತಿದಿನ ಸೇವಿಸಿದರೂ ತೊಂದರೆಯಾಗದ ಪ್ರಮಾಣವನ್ನು ಅಂದಾಜಿಸಲಾಗುತ್ತದೆ. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಯಾವ ದುಷ್ಪರಿಣಾಮವೂ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ ಈ ಮಿತಿಯನ್ನು ಗೊತ್ತುಪಡಿಸುವುದು ವಾಡಿಕೆ.

ಸಕ್ಕರೆಯ ಬದಲು ಬಳಸುವ ಆಸ್ಪರ್ಟೇಮ್‌ನ ವಿಷಯದಲ್ಲಿ ಈ ಲೆಕ್ಕದ ಮಹತ್ವ ತಿಳಿಯುತ್ತದೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇದನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆ ಇದೆ’ ಎಂಬ ವರ್ಗಕ್ಕೆ ಸೇರಿಸಿತು. ಅದೇ ವೇಳೆ ಸೇರ್ಪಡೆ ಪದಾರ್ಥಗಳ ತಜ್ಞ ಸಮಿತಿಯು ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಮುಂದುವರಿಸಿತು. 60 ಕಿಲೋಗ್ರಾಂ ತೂಕದವರಿಗೆ ಇದು 2,400 ಮಿಲಿಗ್ರಾಂ ಆಗುತ್ತದೆ. ಮೊದಲನೆಯ ತೀರ್ಮಾನ ಮಾತ್ರ ಸಂದೇಶಗಳಲ್ಲಿ ಹರಡಿತು. ಎರಡನೆಯದನ್ನು ಓದಿದವರು ವಿರಳ.

ಟೇಸ್ಟಿಂಗ್ ಪೌಡರ್ ಎಂದು ಕರೆಯಲಾಗುವ 621ರ ಕುರಿತ ಭಯವೂ ಹಳೆಯದೇ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಎಂಬ ವಿಜ್ಞಾನಿ ಕಡಲಪಾಚಿಯಿಂದ ಈ ರುಚಿಯ ಮೂಲವನ್ನು ಬೇರ್ಪಡಿಸಿದರು. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಒಂದು ಪತ್ರದಿಂದ ಅದರ ಮೇಲಿನ ಸಂಶಯ ಜಗತ್ತಿಗೆ ಹಬ್ಬಿತು. ಇದೇ ಗ್ಲುಟಮೇಟ್ ಟೊಮೆಟೊ ಹಣ್ಣಿನಲ್ಲಿಯೂ ಸಹಜವಾಗಿ ಇದೆ. ಆದಾಗ್ಯೂ ಇದನ್ನು ಸೇರಿಸಿದ ಪೊಟ್ಟಣದ ಮೇಲೆ ಅದನ್ನು ನಮೂದಿಸುವುದು ಕಡ್ಡಾಯ. 12 ತಿಂಗಳೊಳಗಿನ ಶಿಶುಗಳಿಗೆ ಇದು ಸೂಕ್ತವಲ್ಲ.

ಅನುಮತಿ ಎಂಬುದು ಶಾಶ್ವತವೂ ಅಲ್ಲ. ಬ್ರೆಡ್ಡಿನ ಹಿಟ್ಟಿಗೆ ಬಳಸಲಾಗುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ದೀರ್ಘಕಾಲ ಅನುಮತಿಯ ಪಟ್ಟಿಯಲ್ಲಿತ್ತು. 2016ರ ಜೂನ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಅದನ್ನು ಪಟ್ಟಿಯಿಂದ ತೆಗೆದುಹಾಕಿತು. ಸಂಶಯಪಡುವ ನಾಗರಿಕರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ಈ ಕಾರಣಕ್ಕಾಗಿ ಸರಿಯಲ್ಲ. ಆದರೆ ಸಂಶಯವು ಪ್ರಮಾಣವನ್ನು ಕೇಳಬೇಕು, ಯಾವ ಆಹಾರದಲ್ಲಿ ಎಂದು ಕೇಳಬೇಕು.

ಒಂದು ತಿನಿಸಿನಲ್ಲಿ ಅನುಮತಿ, ಇನ್ನೊಂದರಲ್ಲಿ ಅಪರಾಧ

‘ಯಾವ ಆಹಾರದಲ್ಲಿ’ ಎಂಬ ಪ್ರಶ್ನೆಯೇ ರಾಜ್ಯದಲ್ಲಿ 2024ರಲ್ಲಿ ಕೈಗೊಂಡ ಕ್ರಮಗಳ ಹಿಂದೆ ಇದ್ದದ್ದು. ಆ ವರ್ಷದ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107 ಮಾದರಿಗಳು ಅಸುರಕ್ಷಿತವೆಂದು ಕಂಡುಬಂದವು. ಬಾಂಬೆ ಮಿಠಾಯಿ ಅಥವಾ ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ಎರಡೂ ತಿನಿಸುಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ಮಾರ್ಚ್ 11ರಂದು ನಿಷೇಧಿಸಲಾಯಿತು. ಜೂನ್‌ನಲ್ಲಿ ಕಬಾಬ್‌ಗಳ 39 ಮಾದರಿಗಳನ್ನು ಪರೀಕ್ಷಿಸಲಾಗಿ, 8 ಮಾದರಿಗಳು ಕೃತಕ ಬಣ್ಣದ ಕಾರಣ ಅಸುರಕ್ಷಿತವೆನಿಸಿದವು. ಕೋಳಿ, ಮೀನು ಮತ್ತು ತರಕಾರಿ ಕಬಾಬ್‌ಗಳಿಗೂ ನಿಷೇಧ ವಿಸ್ತರಿಸಿತು.

ಇಲ್ಲಿ ಪತ್ತೆಯಾದ ಬಣ್ಣಗಳು ಒಂದೇ ಬಗೆಯವಲ್ಲ. ರೋಡಮಿನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಯಾವ ಆಹಾರಕ್ಕೂ, ಎಷ್ಟೇ ಸ್ವಲ್ಪ ಪ್ರಮಾಣದಲ್ಲಿಯೂ ಅದಕ್ಕೆ ಅನುಮತಿ ಇಲ್ಲ. ಸನ್‌ಸೆಟ್ ಯೆಲ್ಲೋ, ಟಾರ್ಟ್ರಜೀನ್‌ಗಳಾದರೋ ದೇಶದಲ್ಲಿ ಅನುಮತಿ ಪಡೆದ ಎಂಟು ಕೃತಕ ಬಣ್ಣಗಳ ಪಟ್ಟಿಗೆ ಸೇರಿದವು. ಐಸ್ ಕ್ರೀಮ್, ಬಿಸ್ಕತ್ತು, ಮಿಠಾಯಿಗಳಂತಹ ನಿಗದಿತ ತಿನಿಸುಗಳಲ್ಲಿ, ಸಾಮಾನ್ಯವಾಗಿ ಕಿಲೋಗ್ರಾಂಗೆ 100 ಮಿಲಿಗ್ರಾಂ ಮೀರದಂತೆ ಅವನ್ನು ಬಳಸಬಹುದು. ಅದೇ ಬಣ್ಣವನ್ನು ಕರಿದ ಹೂಕೋಸಿಗೆ ಹಾಕುವುದು ಅಪರಾಧವಾಗುತ್ತದೆ. ‘ಇದು ಅಂಗಡಿಯಲ್ಲಿ ಸಿಗುವ ಫುಡ್ ಕಲರ್ ಅಲ್ಲವೇ’ ಎಂದು ತಳ್ಳುಗಾಡಿಯ ವ್ಯಾಪಾರಿಗಳು ಕೇಳುವುದುಂಟು. ಡಬ್ಬದ ಮೇಲೆ ಹೆಸರು ಸರಿಯಿದ್ದರೂ ಅದನ್ನು ಹಾಕುವ ತಿನಿಸು ಸರಿಯಿರಬೇಕು. ಮಂಚೂರಿಗೆ ಕೆಂಪು ಬೇಕೆಂದಿದ್ದರೆ, ಖಾರ ಕಡಿಮೆ, ಬಣ್ಣ ಹೆಚ್ಚು ಎಂದೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿ ಹಾವೇರಿ ಜಿಲ್ಲೆಯಲ್ಲಿಯೇ ದೊರೆಯುತ್ತದೆ.

ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 59ನೇ ಪ್ರಕರಣದಂತೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ಮತ್ತು 10 ಲಕ್ಷ ರೂಪಾಯಿಗಳಿಗೆ ಕಡಿಮೆ ಇಲ್ಲದ ದಂಡ ವಿಧಿಸಲು ಅವಕಾಶವಿದೆ.

ಸಂಸ್ಕರಣೆ ಎಂದರೆ ಎಲ್ಲವೂ ಒಂದೇ ಅಲ್ಲ

ಹಪ್ಪಳ, ಸಂಡಿಗೆ, ಅವಲಕ್ಕಿ, ಮೊಸರು ಇವೆಲ್ಲವೂ ಸಂಸ್ಕರಿಸಿದ ಆಹಾರಗಳೇ. ಚರ್ಚೆಯಲ್ಲಿರುವುದು ಅತಿಯಾಗಿ ಸಂಸ್ಕರಿಸಿದ ಆಹಾರ. ಬ್ರೆಜಿಲ್ ದೇಶದ ಕಾರ್ಲೋಸ್ ಮೊಂಟೇರೋ ಎಂಬ ತಜ್ಞರು 2009ರಲ್ಲಿ ಈ ವಿಂಗಡಣೆಯನ್ನು ಮುಂದಿಟ್ಟರು. ಮನೆಯಲ್ಲಿ ಇಲ್ಲದ ಪದಾರ್ಥಗಳನ್ನು ಕಾರ್ಖಾನೆಯಲ್ಲಿ ಬೆರೆಸಿ ತಯಾರಿಸುವ ತಿನಿಸು, ಪಾನೀಯಗಳು ಇದರಲ್ಲಿ ಬರುತ್ತವೆ.

2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರನ್ನು ಆಸ್ಪತ್ರೆಯಲ್ಲಿಯೇ ಇರಿಸಿ ನಡೆಸಿದ ಪರೀಕ್ಷೆ ಗಮನಾರ್ಹ. ಎರಡು ವಾರ ಇಂತಹ ಆಹಾರ, ಎರಡು ವಾರ ಸಾದಾ ಆಹಾರ ನೀಡಲಾಯಿತು. ಮುಂದಿಟ್ಟ ಸಕ್ಕರೆ, ಕೊಬ್ಬು, ನಾರು, ಉಪ್ಪಿನ ಪ್ರಮಾಣ ಎರಡರಲ್ಲಿಯೂ ಸಮನಾಗಿತ್ತು; ಎಷ್ಟು ಬೇಕೋ ಅಷ್ಟು ತಿನ್ನಬಹುದಾಗಿತ್ತು. ಅತಿ ಸಂಸ್ಕರಿತ ಆಹಾರ ನೀಡಿದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಹೆಚ್ಚು ಸೇವಿಸಿ, ಸರಾಸರಿ 0.9 ಕಿಲೋಗ್ರಾಂ ತೂಕ ಹೆಚ್ಚಿಸಿಕೊಂಡರು. ಇದು ಯಾವುದೋ ಒಂದು ಅಂಕೆಯ ರಾಸಾಯನಿಕದ ದೋಷವೆಂದು ಆ ಪರೀಕ್ಷೆ ಹೇಳುವುದಿಲ್ಲ. ಮೆತ್ತಗಿನ ಆಹಾರವನ್ನು ಬೇಗ ಬೇಗ ತಿನ್ನಲಾಗುತ್ತದೆ, ಹೊಟ್ಟೆ ತುಂಬಿದ್ದು ತಡವಾಗಿ ತಿಳಿಯುತ್ತದೆ ಎಂಬುದು ಒಂದು ವಿವರಣೆ.

ಆದ್ದರಿಂದ ಪೊಟ್ಟಣದಲ್ಲಿ ಮೊದಲು ನೋಡಬೇಕಾದುದು ಅಂಕೆಗಳನ್ನಲ್ಲ, ಉಪ್ಪು, ಸಕ್ಕರೆ ಮತ್ತು ಕೊಬ್ಬನ್ನು. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿಯೇ ಮುದ್ರಿಸಬೇಕೆಂದು ನಿಯಮವಿದೆ. ಸಕ್ಕರೆ ಮೊದಲನೆಯ ಅಥವಾ ಎರಡನೆಯ ಸ್ಥಾನದಲ್ಲಿದ್ದರೆ ಹೆಚ್ಚಿನ ವಿಚಾರಣೆ ಬೇಕಿಲ್ಲ. ಉಪ್ಪನ್ನು ಸೋಡಿಯಂ ಎಂದು ನಮೂದಿಸಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು 2 ಗ್ರಾಂ ಉಪ್ಪು. ವಯಸ್ಕರಿಗೆ ಇಡೀ ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಲೆಕ್ಕದಲ್ಲಿ ಮನೆಯ ಉಪ್ಪಿನಕಾಯಿ, ಹಪ್ಪಳಕ್ಕೆ ರಿಯಾಯಿತಿ ಇಲ್ಲ.

ಪಥ್ಯದ ಹೆಸರಿನಲ್ಲಿ ಬಿಡುವ ಆಹಾರ

ಆಹಾರವನ್ನು ಬಿಡಲು ಹೇಳುವ ಸಲಹೆಗಾರರು ಬಿಟ್ಟದ್ದರಿಂದ ಆಗುವ ಲಾಭವನ್ನು ಮಾತ್ರ ತಿಳಿಸುತ್ತಾರೆ. ಜಮಾ ಬದಿಯನ್ನಷ್ಟೇ ಬರೆದು ಖರ್ಚಿನ ಬದಿಯನ್ನು ಖಾಲಿ ಬಿಟ್ಟ ಲೆಕ್ಕಪುಸ್ತಕವನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ.

ಖರ್ಚಿನ ಬದಿ ಎಷ್ಟು ಭಾರವಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದ ಬಾಣಂತಿ ಪಥ್ಯವೇ ಸಾಕ್ಷಿ. ಹಲವು ಮನೆಗಳಲ್ಲಿ ಹೆರಿಗೆಯ ನಂತರ ವಾರಗಟ್ಟಲೆ ಪಾಲಿಶ್ ಮಾಡಿದ ಅಕ್ಕಿಯ ಅನ್ನ, ತುಪ್ಪ, ಮೆಣಸಿನ ಸಾರು ಇಷ್ಟನ್ನೇ ನೀಡಿ, ಬೇಳೆ, ಕಾಳು, ಸೊಪ್ಪು, ಹಣ್ಣುಗಳನ್ನು ನಿಲ್ಲಿಸಲಾಗುತ್ತದೆ. ಅಕ್ಕಿಯನ್ನು ಪಾಲಿಶ್ ಮಾಡುವಾಗ ಥಯಾಮಿನ್ ಎಂಬ ಬಿ-1 ವಿಟಮಿನ್ ನಷ್ಟವಾಗುತ್ತದೆ. ಮತ್ತೆ ಮತ್ತೆ ತೊಳೆದು, ಗಂಜಿ ಬಸಿದಾಗ ಉಳಿದದ್ದೂ ಹೋಗುತ್ತದೆ. ತಾಯಿಯಲ್ಲಿ ಇಲ್ಲದ್ದು ಎದೆಹಾಲಿನಲ್ಲಿಯೂ ಇರುವುದಿಲ್ಲ. ಎದೆಹಾಲನ್ನು ಮಾತ್ರ ಕುಡಿಯುವ ಕೆಲವು ತಿಂಗಳ ಕೂಸಿಗೆ ಇದ್ದಕ್ಕಿದ್ದಂತೆ ಏದುಸಿರು, ವಾಂತಿ, ಹಾಲು ಕುಡಿಯದಿರುವಿಕೆ, ಕರ್ಕಶವಾದ ಅಥವಾ ದನಿಯೇ ಹೊರಡದ ಅಳು ಕಾಣಿಸಿಕೊಂಡು, ಶ್ವಾಸಕೋಶದ ರಕ್ತದೊತ್ತಡ ಏರಿ ಹೃದಯ ಸೋಲುತ್ತದೆ. ಬೆಂಗಳೂರಿನ ಮಕ್ಕಳ ಹೃದ್ರೋಗ ತಜ್ಞರು ಇಂತಹ ಕೂಸುಗಳ ಅಧ್ಯಯನವನ್ನು 2021ರಲ್ಲಿ ಪ್ರಕಟಿಸಿದ್ದಾರೆ. ಥಯಾಮಿನ್ ಚುಚ್ಚುಮದ್ದು ಸಕಾಲದಲ್ಲಿ ದೊರೆತರೆ ಕೂಸು ಬೇಗನೆ ಚೇತರಿಸಿಕೊಳ್ಳುತ್ತದೆ. ತಡವಾದರೆ ಪ್ರಾಣಕ್ಕೆ ಅಪಾಯ. ಮೇಲ್ಕಂಡ ಲಕ್ಷಣ ಕಂಡಲ್ಲಿ ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ತಾಯಿಗೆ ಯಾವ ಪಥ್ಯ ಮಾಡಿಸಲಾಗುತ್ತಿದೆ ಎಂಬುದನ್ನು ವೈದ್ಯರಿಗೆ ತಪ್ಪದೇ ತಿಳಿಸಬೇಕು. ಬಾಣಂತಿಗೆ ಬೇಳೆ, ಹೆಸರುಕಾಳು, ರಾಗಿ, ಕುಚ್ಚಲಕ್ಕಿ ನೀಡುವುದರಿಂದ ಇದನ್ನು ತಡೆಯಬಹುದು. ಹಿರಿಯರ ಪಥ್ಯಗಳ ಉದ್ದೇಶ ಒಳ್ಳೆಯದೇ ಇದ್ದರೂ, ಈ ಒಂದು ಪಥ್ಯವನ್ನು ಮುಂದುವರಿಸಲು ಯಾವ ಸಮರ್ಥನೆಯೂ ಇಲ್ಲ.

ಮೊಬೈಲ್ ಸಂದೇಶಗಳ ಹೊಸ ಪಥ್ಯಗಳೂ ಇದೇ ದಾರಿಯವು. ಅಯೋಡಿನ್ ಉಪ್ಪಿನ ಬದಲು ಸೈಂಧವ ಲವಣವನ್ನೇ ಬಳಸುವ ಮನೆಯಲ್ಲಿ ಗರ್ಭಿಣಿಗೆ ಅಯೋಡಿನ್ ಕೊರತೆಯಾದರೆ, ಅದರ ಫಲವನ್ನು ಮಗುವಿನ ಮಿದುಳು ಅನುಭವಿಸುತ್ತದೆ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಸೋರೆಕಾಯಿ ರಸ ಕಹಿಯಾಗಿದ್ದಲ್ಲಿ ಕುಡಿಯಲೇಬಾರದು. ಅದರಿಂದ ಸಾವು ಸಂಭವಿಸಿದ ಪ್ರಕರಣಗಳಿವೆ. ಗೋಧಿ ಒಗ್ಗುವುದಿಲ್ಲವೆಂಬ ಸಂಶಯವಿರುವವರು ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ, ಇರುವ ಕಾಯಿಲೆಯೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಆಹಾರಕ್ರಮವನ್ನು ನಂಬಿ ಇನ್ಸುಲಿನ್ ನಿಲ್ಲಿಸುವುದು, ಅದರಲ್ಲಿಯೂ ಮೊದಲನೆಯ ಬಗೆಯ ಮಧುಮೇಹವಿರುವ ಮಕ್ಕಳಿಗೆ, ಮಾರಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇಂತಹ ಜನಸಮುದಾಯಕ್ಕೆ ಕಾಳು, ಹಾಲು, ಮೊಟ್ಟೆ ಬಿಡಲು ಹೇಳುವವರು ಅವುಗಳ ಬದಲಿಗೆ ಏನು ಎಂಬುದನ್ನೂ ಹೇಳಬೇಕು.

ದೂರು ಮತ್ತು ಪರೀಕ್ಷೆ

ಬಣ್ಣ, ಕಲಬೆರಕೆ ಅಥವಾ ಅವಧಿ ಮೀರಿದ ಆಹಾರದ ಕುರಿತು ಜಿಲ್ಲೆಯ ಅಂಕಿತಾಧಿಕಾರಿಗಳಿಗೆ ಅಥವಾ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಲಿಖಿತ ದೂರು ನೀಡಬಹುದು. ದೂರಿನಲ್ಲಿ ಅಂಗಡಿಯ ವಿಳಾಸ, ಕೊಂಡ ದಿನಾಂಕ, ಬ್ಯಾಚ್ ಸಂಖ್ಯೆ ಮತ್ತು ಪೊಟ್ಟಣದ ಮೇಲಿನ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ನಮೂದಿಸಿ, ಬಿಲ್ಲಿನ ಪ್ರತಿಯನ್ನು ಲಗತ್ತಿಸಬೇಕು. ‘ಪೊಟ್ಟಣದಲ್ಲಿ ರಾಸಾಯನಿಕವಿದೆ’ ಎಂದಷ್ಟೇ ಬರೆದ ದೂರಿನ ಮೇಲೆ ಕ್ರಮ ಕೈಗೊಳ್ಳುವುದು ಕಷ್ಟ. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ನೀಡಿದವರಿಗೆ 53ನೇ ಪ್ರಕರಣದಂತೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದ್ದು, ಅಂತಹ ಜಾಹೀರಾತಿನ ಪ್ರತಿಯನ್ನು ದೂರಿನೊಂದಿಗೆ ಸಲ್ಲಿಸಬಹುದು.

ಅಧಿಕಾರಿಗಳು ಮಾದರಿ ಸಂಗ್ರಹಿಸಿದಲ್ಲಿ ಅದನ್ನು ನಾಲ್ಕು ಭಾಗಗಳಾಗಿ ಮಾಡಿ, ಒಂದನ್ನು ಆಹಾರ ವಿಶ್ಲೇಷಕರಿಗೆ ಕಳುಹಿಸುತ್ತಾರೆ. ಮಾದರಿ ತಲುಪಿದ 14 ದಿನಗಳೊಳಗೆ ವಿಶ್ಲೇಷಕರು ವರದಿ ನೀಡಬೇಕು. ಅಧಿಕಾರಿಗಳ ನೆರವಿಲ್ಲದೆ ಗ್ರಾಹಕರು ತಾವೇ ಪರೀಕ್ಷೆ ಮಾಡಿಸಲು ಸಹ 40ನೇ ಪ್ರಕರಣದಲ್ಲಿ ಅವಕಾಶವಿದೆ. ಇದಕ್ಕೆ ಎರಡು ಅಂಶಗಳನ್ನು ಪಾಲಿಸಬೇಕು: ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ಕೊಳ್ಳುವ ವೇಳೆಯಲ್ಲಿಯೇ ಮಾರಾಟಗಾರರಿಗೆ ತಿಳಿಸಿರಬೇಕು ಮತ್ತು ನಿಗದಿತ ಶುಲ್ಕ ಪಾವತಿಸಿರಬೇಕು. ಮೊದಲನೆಯದನ್ನು ಮನೆಗೆ ಬಂದ ಮೇಲೆ ಸರಿಪಡಿಸಲು ಬರುವುದಿಲ್ಲ. ಆಹಾರವು ಕಾಯ್ದೆಗೆ ವಿರುದ್ಧವಾಗಿದೆ ಎಂದು ವರದಿ ಬಂದಲ್ಲಿ ವಿಶ್ಲೇಷಕರು ಅದನ್ನು ಅಂಕಿತಾಧಿಕಾರಿಗಳಿಗೆ ಮುಂದಿನ ಕ್ರಮಕ್ಕಾಗಿ ಕಳುಹಿಸುತ್ತಾರೆ, ಮತ್ತು ಗ್ರಾಹಕರು ಶುಲ್ಕವನ್ನು ಹಿಂಪಡೆಯಲು ಅರ್ಹರಾಗಿರುತ್ತಾರೆ. ಆ ಕಾರಣಕ್ಕಾಗಿ ಶುಲ್ಕದ ರಸೀದಿಯನ್ನು ವರದಿ ಕೈಸೇರುವವರೆಗೆ ಜೋಪಾನವಾಗಿ ಇರಿಸಿಕೊಳ್ಳುವಂತೆ ಕೋರಲಾಗಿದೆ.