ಬಣ್ಣದ ಗೋಡೆ ಬಿತ್ತು, ಪಕ್ಷದ ಗೋಡೆ ಎದ್ದಿತು

ಭಾವೀ ಅಳಿಯ ಯಾವ ಪಕ್ಷಕ್ಕೆ ಮತ ಹಾಕುತ್ತಾನೆ? ಒಂದು ಕಾಲದಲ್ಲಿ ಅಮೆರಿಕದ ತಂದೆತಾಯಿಯರು ಇದನ್ನು ಕೇಳುತ್ತಲೇ ಇರಲಿಲ್ಲ. ಅವರು ನೋಡುತ್ತಿದ್ದುದು ಮೈಬಣ್ಣವನ್ನು. 1958ರಲ್ಲಿ ಗ್ಯಾಲಪ್ ಸಂಸ್ಥೆ ಸಮೀಕ್ಷೆ ನಡೆಸಿದಾಗ, ಕಪ್ಪು-ಬಿಳಿ ಜನಾಂಗಗಳ ನಡುವಿನ ಮದುವೆಯನ್ನು ಒಪ್ಪಿದವರು ನೂರಕ್ಕೆ ಬರೀ 4 ಮಂದಿ! 16 ರಾಜ್ಯಗಳಲ್ಲಿ ಅಂಥ ಮದುವೆಗಿದ್ದ ನಿಷೇಧವನ್ನು 1967ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. 2021ರ ಹೊತ್ತಿಗೆ ಒಪ್ಪುವವರು ನೂರಕ್ಕೆ 94 ಆದರು. ವರ್ಣಭೇದ ಪೂರ್ತಿ ಅಳಿಯಿತೆಂದಲ್ಲ. ಆದರೆ ಗೋಡೆಯ ಬಹುಪಾಲು ಉರುಳಿತು.

ಅದೇ ಕಾಲದಲ್ಲಿ ಇನ್ನೊಂದು ಗೋಡೆ ಏಳುತ್ತಿತ್ತು. ಮಕ್ಕಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರ ಎಂದವರು 1960ರಲ್ಲಿ ನೂರಕ್ಕೆ ಸುಮಾರು 5 ಮಾತ್ರ. 2010ರಲ್ಲಿ ರಿಪಬ್ಲಿಕನ್ನರಲ್ಲಿ ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದರಷ್ಟು ಜನ ಹಾಗೆಂದರು.

ಎದುರಿನವರು ಯಾರೆಂಬುದಾದರೂ ಇವರಿಗೆ ಗೊತ್ತೇ? ಆಹ್ಲರ್ ಮತ್ತು ಸೂದ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಹೆಚ್ಚು ಗಳಿಸುವ ರಿಪಬ್ಲಿಕನ್ನರು ಎಷ್ಟು ಎಂದು ಕೇಳಿದರೆ, ಜನರ ಸರಾಸರಿ ಊಹೆ ನೂರಕ್ಕೆ 38. ನಿಜವಾಗಿ ಇದ್ದವರು ಸುಮಾರು 2! ಡೆಮಾಕ್ರಟರ ಬಗೆಗಿನ ಊಹೆಗಳೂ ಹೀಗೆಯೇ ದಾರಿ ತಪ್ಪಿದ್ದವು. ವಿಚಿತ್ರವೆಂದರೆ, ರಾಜಕೀಯದಲ್ಲಿ ಹೆಚ್ಚು ಆಸಕ್ತಿ ಇದ್ದವರ ಊಹೆಯೇ ಹೆಚ್ಚು ತಪ್ಪಾಗಿತ್ತು. ಒಂದೇ ಪಕ್ಷದ ಪರ ಮಾತಾಡುವ ಟಿ.ವಿ. ಚಾನೆಲ್, ಪತ್ರಿಕೆಗಳ ಪಾತ್ರವೂ ಇದರಲ್ಲಿ ಇರಬಹುದು.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇದನ್ನೇ. ಸುದ್ದಿ ಬಲ್ಲವರೆಲ್ಲ ಮನುಷ್ಯರನ್ನು ಬಲ್ಲವರಲ್ಲ. ಮುಖ ನೋಡುವ ಮೊದಲೇ ಹಣೆಪಟ್ಟಿ ಅಂಟಿಸಿದರೆ, ಎದುರಿನವರ ಕಷ್ಟಸುಖ ಕಿವಿಗೆ ಬೀಳುವುದು ಹೇಗೆ? ನಿಷೇಧವನ್ನು ಕೋರ್ಟು ತೆಗೆದುಹಾಕಬಲ್ಲದು. ಮನಸ್ಸಿನ ಗೋಡೆಯನ್ನು ಅದನ್ನು ಕಟ್ಟಿದವರೇ ಕೆಡವಬೇಕು.