ಅಳಿಯನ ವಾಚಿನ ತವರುಮನೆ

ನಮ್ಮ ಎಮ್ಮಿಗನೂರಿನ ಕಡೆ ಅಳಿಯನಿಗೆ ವಾಚು ಇಡದಿದ್ದರೆ ಬೀಗರು ಮುನಿಸಿಕೊಳ್ಳುತ್ತಿದ್ದ ಕಾಲವಿತ್ತು. ಅದೂ ಎಚ್‌ಎಂಟಿಯೇ ಆಗಬೇಕು! ನನ್ನ ಮದುವೆಗೆ ಅಪ್ಪ ಭತ್ತ ಮಾರಿ ತಂದರು.

ಆ ವಾಚಿನ ತವರು ಜಪಾನು ಅಂದರೆ ನಂಬುತ್ತೀರಾ? ಟೋಕಿಯೋದಲ್ಲಿ 1918ರಲ್ಲಿ ಶುರುವಾದ ಗಡಿಯಾರ ಸಂಶೋಧನಾ ಸಂಸ್ಥೆಯೊಂದು 1924ರಲ್ಲಿ ಜೇಬುಗಡಿಯಾರ ಹೊರತಂದಿತು. ಸಾಮಾನ್ಯರಿಗೂ ಎಟುಕಲೆಂದು ಅದಕ್ಕೆ ‘ಸಿಟಿಜನ್’, ಅಂದರೆ ನಾಗರಿಕ, ಎಂದು ಹೆಸರಿಟ್ಟರು. 1930ರಲ್ಲಿ ಕಂಪನಿಯ ಹೆಸರೂ ಅದೇ ಆಯಿತು. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಗೆ ಕೆಲಸ ಕಲಿಸಿದವರು ಇವರೇ. ನಮ್ಮವರು ತಮ್ಮ ವಾಚಿಗೆ ‘ಜನತಾ’ ಅಂತ ಹೆಸರಿಟ್ಟರು, ಹೆಚ್ಚುಕಡಿಮೆ ಅದೇ ಅರ್ಥ ನೋಡಿ! ಸಾಸಿವೆಗಿಂತ ಸಣ್ಣ ಸ್ಕ್ರೂ ಜೋಡಿಸಲು ಅಲ್ಲಿ ಹೆಣ್ಣುಮಕ್ಕಳೂ ಕೂತರು.

ಆಮೇಲೆ ಬ್ಯಾಟರಿ ವಾಚುಗಳು ಬಂದವು, ಎಚ್‌ಎಂಟಿಗೆ ನಷ್ಟವಾಯಿತು. 2016ರಲ್ಲಿ ಸರ್ಕಾರ ವಾಚ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ನಮ್ಮನೆಯವರದು ಇನ್ನೂ ಓಡುತ್ತಿದೆ. ದಿನಾ ಬೆಳಿಗ್ಗೆ ಕೀ ಕೊಡೋದು ಮಾತ್ರ ನಾನೇ.